ರಜೆಯ 61 ದಿನ, ಲಸಿಕೆಯ ಮೂರು ಡೋಸ್: ಹೆಪಟೈಟಿಸ್ ಬಿ ಶಿಬಿರ ಜುಲೈ ಕೊನೆಗೆ ಮಾಡಿ ಎಂತ ಪ್ರಯೋಜನ?

ಹೆಜಮಾಡಿ: ಪ್ರತಿ ವರ್ಷ ಜುಲೈ 28ಕ್ಕೆ ವಿಶ್ವ ಹೆಪಟೈಟಿಸ್ ದಿನ. ಒಂದು ಬ್ಯಾನರ್, ಕಾಲೇಜು ಮಕ್ಕಳ ಜಾಥಾ, ಸಭಾಭವನದಲ್ಲಿ ಭಾಷಣ, ಆಮೇಲೆ ಚಾ-ತಿಂಡಿ. ಕರಾವಳಿಯಲ್ಲಿ ಈ ತಾರೀಕಿಗೆ ಇನ್ನೊಂದು ಲೆಕ್ಕವೂ ಉಂಟು. ಜೂನ್ 1ಕ್ಕೆ ಶುರುವಾದ 61 ದಿನಗಳ ಮೀನುಗಾರಿಕೆ ರಜೆ ಮುಗಿಯಲಿಕ್ಕೆ ಆವತ್ತಿಗೆ ಬಾಕಿ ಇರುವುದು ಮೂರೇ ದಿನ. ಅಷ್ಟೊತ್ತಿಗೆ ಬಲೆ ರಿಪೇರಿ ಮುಗಿದಿರುತ್ತದೆ, ಬೋಟಿಗೆ ಬಣ್ಣ ಹೊಡೆದಾಗಿರುತ್ತದೆ, ಐಸು-ಡೀಸೆಲ್ ಲೆಕ್ಕ ನಡೆಯುತ್ತಿರುತ್ತದೆ. ಆಗಸ್ಟ್ 1 ಕಳೆದರೆ ಆಳಸಮುದ್ರ ಬೋಟಿನ ಕಲಾಸಿಗಳು ಯಾರ ಕೈಗೂ ಸಿಗುವುದಿಲ್ಲ.

ಹೆಪಟೈಟಿಸ್ ಬಿ ಲಸಿಕೆ ಒಂದು ಸಲ ಚುಚ್ಚಿ ಮುಗಿಯುವ ಲಸಿಕೆ ಅಲ್ಲ. ಮೂರು ಡೋಸ್ ಬೇಕು. ಅಂದ ಮೇಲೆ ಬೋಟು ಹೊರಡುವ ಮೂರು ದಿನ ಮೊದಲು ಜಾಗೃತಿ ಮಾಡಿ ಮೊದಲ ಡೋಸ್ ಕೊಟ್ಟರೆ ಎರಡನೆಯದ್ದು ಯಾವಾಗ, ಎಲ್ಲಿ, ಯಾರು ಕೊಡುವುದು? ಲೈಂಗಿಕ ಆರೋಗ್ಯ ಕ್ಲಿನಿಕ್‌ಗಳಿಗೆ ಬರುವವರಿಗೆ ಮತ್ತು ಅಪಾಯ ಹೆಚ್ಚಿರುವ ಇತರರಿಗೆ ಈ ಲಸಿಕೆ ಸಿಗಬೇಕು ಅಂತ ಸರಕಾರದ ಕಾರ್ಯಕ್ರಮದಲ್ಲೇ ಬರೆದಿದೆ. ಬರೆದದ್ದು ಕೆಲಸ ಆಗಬೇಕಾದರೆ ಮೊದಲು ನೋಡಬೇಕಾದ್ದು ಈ ಕ್ಯಾಲೆಂಡರನ್ನು.

ಕಾಮಾಲೆ ಎಲ್ಲ ಒಂದೇ ಅಲ್ಲ

ನಮ್ಮ ಕಡೆ ಕಣ್ಣು ಹಳದಿಯಾದರೆ ಕಾಮಾಲೆ. ಕಾಮಾಲೆ ಅಂದರೆ ನಾಟಿ ಮದ್ದು, ಉಪ್ಪು-ಖಾರ-ಎಣ್ಣೆ ಇಲ್ಲದ ಪಥ್ಯ. ಹೆಚ್ಚಿನವರು ಗುಣವೂ ಆಗುತ್ತಾರೆ, ಮದ್ದು ಕೊಟ್ಟವರಿಗೆ ಹೆಸರೂ ಬರುತ್ತದೆ. ಆದರೆ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ತನ್ನಿಂದ ತಾನೇ ವಾಸಿಯಾಗುತ್ತದೆ. ಬಿ ಬೇರೆ ಜಾತಿ. ಅದು ಹರಡುವುದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ. ಒಟ್ಟಿಗೆ ಊಟ ಮಾಡಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ, ಕೈ ಕುಲುಕಿದರೆ ಬರುವುದಿಲ್ಲ. ಹಂಚಿಕೊಂಡ ಬ್ಲೇಡು, ಸರಿಯಾಗಿ ಸ್ವಚ್ಛ ಮಾಡದ ಹಚ್ಚೆ ಸೂಜಿ, ಮತ್ತೆ ಮತ್ತೆ ಬಳಸಿದ ಸಿರಿಂಜ್, ಇವುಗಳಿಂದ ಬರಬಹುದು. ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಗುಜರಾತಿನ ಮೋಡಾಸದಲ್ಲಿ 2009ರಲ್ಲಿ ಸಿರಿಂಜ್ ಮರುಬಳಕೆಯಿಂದ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತದ್ದು ಈಗ ಹೆಚ್ಚಿನವರಿಗೆ ಮರೆತೇ ಹೋಗಿದೆ.

ನೆಲನೆಲ್ಲಿಯ ವಿಷಯವನ್ನೂ ಇಲ್ಲಿ ಹೇಳಿಯೇ ಬಿಡುವುದು ಒಳ್ಳೆಯದು, ಯಾಕೆಂದರೆ ಈ ಮಾತು ಎತ್ತಿದ ಕೂಡಲೇ ಯಾರಾದರೂ ಅದನ್ನು ಕೇಳಿಯೇ ಕೇಳುತ್ತಾರೆ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ಚೆನ್ನೈಯ ವಿಜ್ಞಾನಿಗಳ ಜೊತೆ ಸೇರಿ ನೆಲನೆಲ್ಲಿಯನ್ನು ಪರೀಕ್ಷೆ ಮಾಡಿದ್ದರು. 1988ರಲ್ಲಿ ಬಂದ ಆ ಫಲಿತಾಂಶ ಆಸೆ ಹುಟ್ಟಿಸುವ ಹಾಗೆ ಇತ್ತು. ಆಮೇಲೆ ಬೇರೆ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ವಿಶ್ವ ಹೆಪಟೈಟಿಸ್ ದಿನ ಜುಲೈ 28ಕ್ಕೆ ಇರುವುದು ಇದೇ ಬ್ಲಂಬರ್ಗ್ ಹುಟ್ಟಿದ ದಿನ ಅಂತ. ಅಂದರೆ ನಾಟಿ ಮದ್ದನ್ನು ವಿಜ್ಞಾನ ಕಣ್ಣೆತ್ತಿಯೂ ನೋಡಲಿಲ್ಲ ಅನ್ನುವ ದೂರಿಗೆ ಇಲ್ಲಿ ಜಾಗ ಇಲ್ಲ. ನೋಡಿದ್ದಾರೆ, ಆಗಲಿಲ್ಲ.

ಬಿ ವೈರಸ್‌ನ ಕಿರಿಕಿರಿ ಏನೆಂದರೆ ಹಲವರಿಗೆ ಕಣ್ಣು ಹಳದಿಯೇ ಆಗುವುದಿಲ್ಲ. ದೊಡ್ಡವರಾದ ಮೇಲೆ ತಗಲಿದರೆ ನೂರರಲ್ಲಿ 95ಕ್ಕಿಂತ ಹೆಚ್ಚು ಜನರ ದೇಹ ಅದನ್ನು ಓಡಿಸುತ್ತದೆ. ಉಳಿದವರಲ್ಲಿ ಅದು ಲಿವರ್‌ನಲ್ಲಿ ಕೂತು ಹತ್ತು, ಇಪ್ಪತ್ತು, ಮೂವತ್ತು ವರ್ಷದ ಮೇಲೆ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಿ ಹೊರಗೆ ಬರಬಹುದು. ಹುಟ್ಟುವಾಗ ತಗಲಿದ ಮಕ್ಕಳಲ್ಲಿ ಲೆಕ್ಕ ತಿರುಗಾಮುರುಗಾ: ನೂರರಲ್ಲಿ 90 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 2.98 ಕೋಟಿ ಜನ ಹೆಪಟೈಟಿಸ್ ಬಿ ಜೊತೆ ಬದುಕುತ್ತಿದ್ದರು. ಅವರಲ್ಲಿ ತಮಗೆ ಇದೆ ಅಂತ ಗೊತ್ತಿರುವವರು ತೀರಾ ಕಡಿಮೆ.

ಉಡುಪಿ, ದಕ್ಷಿಣ ಕನ್ನಡದಲ್ಲಿ ಗೊತ್ತಾಗುವ ಒಂದು ಸಾಮಾನ್ಯ ಜಾಗ ಯಾವುದು ಕೇಳಿದರೆ ಗಲ್ಫ್ ಮೆಡಿಕಲ್. ವೀಸಾ ಬಂದು, ಏಜೆಂಟಿಗೆ ದುಡ್ಡು ಕಟ್ಟಿ, ಮಂಗಳೂರಿನಲ್ಲಿ ರಕ್ತ ಕೊಟ್ಟ ಮೇಲೆ "ಅನ್‌ಫಿಟ್" ಅಂತ ಬರುತ್ತದೆ. ಕೊಲ್ಲಿ ರಾಷ್ಟ್ರಗಳ ವೈದ್ಯಕೀಯ ತಪಾಸಣೆಯಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಆದರೆ ಕೆಲಸದ ವೀಸಾ ಇಲ್ಲ. ಮನೆಯವರಿಗೆ ಎಂತ ಹೇಳುವುದು ಅಂತ ತೋಚದೆ "ಪೇಪರ್ ಸರಿ ಇರಲಿಲ್ಲ" ಅಂತ ಹೇಳಿ ಮತ್ತೆ ಇಲ್ಲೇ ಕೆಲಸ ಹಿಡಿಯುವ ಹುಡುಗರ ಕತೆ ಕರಾವಳಿಯಲ್ಲಿ ಹೊಸದಲ್ಲ.

ಲಸಿಕೆ ಸಿಕ್ಕಿದ್ದು ಯಾರಿಗೆ, ತಪ್ಪಿದ್ದು ಯಾರಿಗೆ

ಈಗ ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಕೊಡುತ್ತಾರೆ. ಆಮೇಲೆ 6, 10, 14ನೇ ವಾರದಲ್ಲಿ ಪೆಂಟಾವಲೆಂಟ್ ಒಳಗೆ ಅದೂ ಸೇರಿ ಬರುತ್ತದೆ. ಸರಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಇದು 2002-03ರಲ್ಲಿ ಪ್ರಾಯೋಗಿಕವಾಗಿ ಕೆಲವು ಕಡೆ ಶುರುವಾಗಿ, 2007-08ರಲ್ಲಿ ಕರ್ನಾಟಕವೂ ಸೇರಿ ಹತ್ತು ರಾಜ್ಯಗಳಿಗೆ ಬಂತು. ಇಡೀ ದೇಶಕ್ಕೆ ಬಂದದ್ದು 2011ರಲ್ಲಿ.

ಈ ವರ್ಷಗಳನ್ನು ಬೋಟಿನ ಮೇಲೆ ಇಟ್ಟು ನೋಡಿ. 2007ಕ್ಕಿಂತ ಮೊದಲು ಹುಟ್ಟಿದ ಹೆಜಮಾಡಿ, ಪಡುಬಿದ್ರಿ, ಮೂಳೂರು, ಕಾಪು ಕಡೆಯ ಹುಡುಗನಿಗೆ ಸರಕಾರಿ ಲೆಕ್ಕದಲ್ಲಿ ಈ ಲಸಿಕೆ ಸಿಕ್ಕಿರುವುದು ಕಷ್ಟ. ಒಡಿಶಾ, ಜಾರ್ಖಂಡ್‌ನಿಂದ ಬಂದ ಕಲಾಸಿಗೆ 2011ರ ಮೊದಲು ಇನ್ನೂ ಕಷ್ಟ. ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಂಡವರನ್ನು, ಮೆಡಿಕಲ್-ನರ್ಸಿಂಗ್ ಸೇರುವಾಗ ಹಾಕಿಸಿಕೊಂಡ ಮಕ್ಕಳನ್ನು ಬಿಟ್ಟರೆ, ಇವತ್ತು ದುಡಿಯುವ ವಯಸ್ಸಿನಲ್ಲಿ ಇರುವವರು ಬಹುಪಾಲು ಲಸಿಕೆ ಇಲ್ಲದವರು. ಲೈಂಗಿಕವಾಗಿ ಸಕ್ರಿಯರಾಗಿರುವ ವಯಸ್ಸೂ ಇದೇ.

ಬ್ರಿಟನ್‌ನಲ್ಲಿ ಇದು ಉಲ್ಟಾ ನಡೆಯಿತು. ಅಲ್ಲಿ ಎಲ್ಲ ಮಕ್ಕಳಿಗೂ ಹೆಪಟೈಟಿಸ್ ಬಿ ಲಸಿಕೆ ಕೊಡಲು ಶುರು ಮಾಡಿದ್ದು 2017ರಲ್ಲಿ, ನಮಗಿಂತ ಎಷ್ಟೋ ತಡವಾಗಿ. ಆದರೆ ಅದಕ್ಕೂ ಬಹಳ ಮೊದಲಿನಿಂದ ಲೈಂಗಿಕ ಆರೋಗ್ಯ ಕ್ಲಿನಿಕ್‌ಗೆ ಬರುವ ಸಲಿಂಗಿ ಪುರುಷರಿಗೆ, ಲೈಂಗಿಕ ಕಾರ್ಯಕರ್ತರಿಗೆ, ಸೋಂಕಿತರ ಸಂಗಾತಿಗಳಿಗೆ ಕ್ಲಿನಿಕ್‌ನಲ್ಲೇ ಲಸಿಕೆ ಕೊಡುತ್ತಿದ್ದರು. ಅಲ್ಲಿಯೂ ಮೊದಲ ಡೋಸ್ ಪಡೆದವರು ಮೂರನೆಯದ್ದಕ್ಕೆ ವಾಪಸ್ ಬರುವುದಿಲ್ಲ ಅನ್ನುವುದೇ ತಲೆನೋವು. ನಾವು ಮಕ್ಕಳ ಕಡೆಯನ್ನು ಚೆನ್ನಾಗಿ ಮಾಡಿದೆವು. ದೊಡ್ಡವರ ಕಡೆ ಅರ್ಧಕ್ಕೆ ಬಿಟ್ಟಿದ್ದೇವೆ.

ಏಳು ಬಣ್ಣದ ಪ್ಯಾಕೆಟ್

ಲೈಂಗಿಕ ಸೋಂಕಿನ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಗಳಲ್ಲಿ ಇರುವುದು ಸುರಕ್ಷಾ ಕ್ಲಿನಿಕ್. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ನಡೆಯುವ ಈ ಕ್ಲಿನಿಕ್‌ಗಳಲ್ಲಿ ಔಷಧವನ್ನು ಬಣ್ಣದ ಲೆಕ್ಕದಲ್ಲಿ ಕೊಡುತ್ತಾರೆ. ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು, ಒಟ್ಟು ಏಳು ಕಿಟ್. ಸ್ರಾವ ಇದ್ದರೆ ಒಂದು ಬಣ್ಣ, ಹುಣ್ಣು ಇದ್ದರೆ ಇನ್ನೊಂದು. ವ್ಯವಸ್ಥೆ ಸರಳ, ಚಂದ. ಓದಲು ಬಾರದವನಿಗೂ ಬಣ್ಣ ನೆನಪಿರುತ್ತದೆ. ಜೊತೆಗೆ ಎಚ್‌ಐವಿ, ಸಿಫಿಲಿಸ್ ರಕ್ತ ಪರೀಕ್ಷೆ, ಕಾಂಡೋಮ್, ಆಪ್ತಸಮಾಲೋಚನೆ, ಎಲ್ಲ ಉಚಿತ.

ಈ ಏಳು ಬಣ್ಣದಲ್ಲಿ ಯಾವುದರ ಒಳಗೂ ಲಸಿಕೆ ಇಲ್ಲ. ಇರಲಿಕ್ಕೂ ಸಾಧ್ಯವಿಲ್ಲ, ಲಸಿಕೆಗೆ 2ರಿಂದ 8 ಡಿಗ್ರಿ ತಂಪು ಬೇಕು, ಪ್ಯಾಕೆಟ್‌ನಲ್ಲಿ ಕಟ್ಟಿ ಕೊಡಲಿಕ್ಕೆ ಆಗುವುದಿಲ್ಲ. ಆದರೆ ಕಿಟ್ ಪಡೆಯಲು ಬಂದ ವ್ಯಕ್ತಿ ಯಾರು? ಅಸುರಕ್ಷಿತ ಸಂಪರ್ಕದಿಂದ ಈಗಾಗಲೇ ಒಂದು ಸೋಂಕು ತಗಲಿದವನು. ಅದೇ ದಾರಿಯಲ್ಲಿ ಬರುವ, ಎಚ್‌ಐವಿಗಿಂತ 50ರಿಂದ 100 ಪಟ್ಟು ಸುಲಭದಲ್ಲಿ ಹರಡುವ, ಆದರೆ ಎಚ್‌ಐವಿಗೆ ಇಲ್ಲದ ಲಸಿಕೆ ಇರುವ ರೋಗ ಹೆಪಟೈಟಿಸ್ ಬಿ. ಕ್ಲಿನಿಕ್ ಬಾಗಿಲಿಗೆ ಬಂದವನನ್ನು ಲಸಿಕೆ ಕೊಡದೆ ಕಳಿಸಿದರೆ ಅವನನ್ನು ಮತ್ತೆ ಹುಡುಕುವುದು ಎಲ್ಲಿ?

ತೊಂದರೆಯ ಬೇರು ಇರುವುದು ಕಡತದಲ್ಲಿ. ಸುರಕ್ಷಾ ಕ್ಲಿನಿಕ್ ಏಡ್ಸ್ ನಿಯಂತ್ರಣದ ಕಡೆಯದ್ದು. ಹೆಪಟೈಟಿಸ್‌ಗೆ ಬೇರೆಯೇ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಉಂಟು, 2018ರ ಜುಲೈ 28ರಂದು ಶುರುವಾದದ್ದು. ಅದರ ತಡೆಗಟ್ಟುವಿಕೆ ಭಾಗದಲ್ಲಿ ನವಜಾತ ಶಿಶು, ಆರೋಗ್ಯ ಸಿಬ್ಬಂದಿ, ಅಪಾಯ ಹೆಚ್ಚಿರುವ ಗುಂಪುಗಳು, ಈ ಮೂವರಿಗೂ ಲಸಿಕೆ ಅಂತ ಇದೆ. ಶಿಶುವಿನ ಹಿಂದೆ ಆಶಾ ಇದ್ದಾರೆ, ತಾಯಿ ಕಾರ್ಡ್ ಇದೆ. ಸಿಬ್ಬಂದಿಯ ಹಿಂದೆ ಅವರ ಆಸ್ಪತ್ರೆ ಇದೆ. ಮೂರನೆಯವರ ಹಿಂದೆ ಹೋಗುವವರು ಏಡ್ಸ್ ಕಾರ್ಯಕ್ರಮದ ಸಿಬ್ಬಂದಿ, ಲಸಿಕೆ ಇರುವುದು ಇನ್ನೊಂದು ಕಾರ್ಯಕ್ರಮದ ಕೈಯಲ್ಲಿ, ಫ್ರಿಜ್ ಇರುವುದು ಮಕ್ಕಳ ಲಸಿಕೆ ವಿಭಾಗದಲ್ಲಿ. ಮೂರೂ ಆರೋಗ್ಯ ಇಲಾಖೆಯೇ. ಆದರೂ ಒಬ್ಬ ರೋಗಿ ಈ ಮೂರು ಕೋಣೆ ಸುತ್ತುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ದುಡ್ಡಿಲ್ಲ ಅನ್ನುವ ಸಬೂಬು ಇಲ್ಲಿ ನಡೆಯುವುದಿಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶದ್ದೇ ಹೆಪಟೈಟಿಸ್ ಬಿ ಲಸಿಕೆ ತಂದ ಮೇಲೆ ಆಮದು ಲಸಿಕೆಯ ಬೆಲೆ ಬಿದ್ದುಹೋಯಿತು. ಭಾರತದ ಲಸಿಕೆ ಇವತ್ತು ಬೇರೆ ದೇಶದ ಮಕ್ಕಳಿಗೂ ಹೋಗುತ್ತದೆ. ಬಾಟಲಿ ಒಡೆದರೆ ವೇಸ್ಟ್ ಆಗುತ್ತದೆ ಅನ್ನುವ ಹೆದರಿಕೆಗೂ ಉತ್ತರ ಇದೆ. ಸರಕಾರದ ಓಪನ್ ವಯಲ್ ನಿಯಮದ ಪ್ರಕಾರ ಹೆಪಟೈಟಿಸ್ ಬಿ ಬಾಟಲಿಯನ್ನು ತೆರೆದ ಮೇಲೂ, ಸರಿಯಾದ ತಂಪಿನಲ್ಲಿ ಇಟ್ಟರೆ, 28 ದಿನ ಬಳಸಬಹುದು. ಒಂದು ದಿನಕ್ಕೆ ಒಬ್ಬನೇ ಬಂದರೂ ಬಾಟಲಿ ತೆರೆಯಲಿಕ್ಕೆ ಹಿಂದೆಮುಂದೆ ನೋಡಬೇಕಾಗಿಲ್ಲ.

ಬೋಟಿನ ಕ್ಯಾಲೆಂಡರ್

ಸಾಮಾನ್ಯ ಲೆಕ್ಕದಲ್ಲಿ ಡೋಸ್‌ಗಳು ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಸರಕಾರಿ ನೌಕರನಿಗೆ, ಅಂಗಡಿ ಇಟ್ಟವನಿಗೆ ಇದು ಕಷ್ಟ ಅಲ್ಲ. ಹೆಜಮಾಡಿಯ ಮೀನುಗಾರ ಕುಟುಂಬಗಳ ಗಂಡಸರು ದುಡಿಯುವುದು ಮಲ್ಪೆಯಲ್ಲೋ ಮಂಗಳೂರು ಬಂದರಿನಲ್ಲೋ. ಆಳಸಮುದ್ರ ಬೋಟು ಒಮ್ಮೆ ಹೋದರೆ ಹತ್ತು ದಿನ ಕಡಲಲ್ಲೇ. ಬಂದ ದಿನ ಮೀನು ಇಳಿಸುವುದು, ಲೆಕ್ಕ, ಐಸು ತುಂಬುವುದು, ಮತ್ತೆ ಹೊರಡುವುದು. ಆಸ್ಪತ್ರೆಯ ಹೊರರೋಗಿ ವಿಭಾಗ ಮಧ್ಯಾಹ್ನಕ್ಕೆ ಖಾಲಿಯಾಗುವಾಗ ಇವರು ಬಂದರಿನಲ್ಲಿ ಬುಟ್ಟಿ ಎತ್ತುತ್ತಿರುತ್ತಾರೆ. "ಒಂದು ತಿಂಗಳು ಬಿಟ್ಟು ಬನ್ನಿ" ಅಂದರೆ ತಲೆಯಾಡಿಸುತ್ತಾರೆ, ಅಷ್ಟೇ.

ಆದರೆ ಈ ಲಸಿಕೆಗೆ ಮಾನ್ಯತೆ ಇರುವ ಇನ್ನೊಂದು ಲೆಕ್ಕ ಉಂಟು: ಇವತ್ತು, ಒಂದು ತಿಂಗಳಿಗೆ, ಎರಡು ತಿಂಗಳಿಗೆ, ಆಮೇಲೆ ವರ್ಷ ಕಳೆದು ನಾಲ್ಕನೆಯದ್ದು. ಇದನ್ನು ರಜೆಯ ಮೇಲೆ ಇಟ್ಟು ನೋಡಿದರೆ ಯಾರೋ ಕರಾವಳಿಗೇ ಅಂತ ಹೊಲಿದು ಕೊಟ್ಟ ಹಾಗೆ ಕೂರುತ್ತದೆ. ಜೂನ್ ಮೊದಲ ದಿನಗಳಲ್ಲಿ ಮೊದಲನೆಯದ್ದು, ಜುಲೈ ಮೊದಲಿಗೆ ಎರಡನೆಯದ್ದು, ಬೋಟು ಹೊರಡುವ ಮುನ್ನಾದಿನಗಳಲ್ಲಿ ಮೂರನೆಯದ್ದು. ನಾಲ್ಕನೆಯದ್ದು ಮುಂದಿನ ವರ್ಷದ ರಜೆ ಶುರುವಾಗುವಾಗ. ಮೂರು ಡೋಸ್ ಆದವನು ಕಡಲಿಗೆ ಇಳಿಯುವಾಗ ರಕ್ಷಣೆ ಹೊತ್ತುಕೊಂಡೇ ಇಳಿಯುತ್ತಾನೆ.

ಜುಲೈ 28ರ ಶಿಬಿರಕ್ಕೂ ಜೂನ್ 1ರ ಶಿಬಿರಕ್ಕೂ ಇರುವ ವ್ಯತ್ಯಾಸ ಇದು. ಆರೋಗ್ಯವಂತ ಯುವಕರಲ್ಲಿ ಒಂದೇ ಡೋಸ್‌ಗೆ ನೂರರಲ್ಲಿ 30ರಿಂದ 55 ಮಂದಿಗಷ್ಟೇ ರಕ್ಷಣೆ ಬರುತ್ತದೆ. ಎರಡಾದರೆ ಸುಮಾರು 75, ಮೂರಾದರೆ 90 ದಾಟುತ್ತದೆ. 40 ವರ್ಷ ದಾಟಿದವರಲ್ಲಿ, ಎಚ್‌ಐವಿ ಇರುವವರಲ್ಲಿ ಇದು ಕಡಿಮೆಯಾಗುತ್ತದೆ, ಹಾಗಾಗಿ ಚಿಕ್ಕ ವಯಸ್ಸಲ್ಲೇ ಆದಷ್ಟು ಒಳ್ಳೆಯದು.

ಈ ಲೆಕ್ಕದಲ್ಲಿ ಒಂದು ತೂತು ಉಂಟು, ಮುಚ್ಚಿಡುವುದು ಸರಿಯಲ್ಲ. ರಜೆಯಲ್ಲಿ ಮನೆಯಲ್ಲಿ ಇರುವುದು ಊರಿನವರು. ಹೊರ ರಾಜ್ಯದ ಕಲಾಸಿಗಳು ಮೇ ಕೊನೆಗೆ ಲೆಕ್ಕ ಮುಗಿಸಿ ರೈಲು ಹತ್ತುತ್ತಾರೆ. ಅವರಿಗೆ ಜೂನ್ ಶಿಬಿರ ಇದ್ದೂ ಇಲ್ಲದ ಹಾಗೆ. ಅವರಿಗೆ ಹಳೆಯ ಲೆಕ್ಕವೇ ಸರಿ: ಆಗಸ್ಟ್‌ನಲ್ಲಿ ವಾಪಸ್ ಬಂದ ಕೂಡಲೇ ಬಂದರಿನಲ್ಲೇ ಒಂದು, ಸೆಪ್ಟೆಂಬರ್‌ನಲ್ಲಿ ಒಂದು, ಫೆಬ್ರವರಿಯಲ್ಲಿ ಒಂದು. ಮೂರೂ ತಿಂಗಳು ಅವರು ಇಲ್ಲೇ ಇರುತ್ತಾರೆ. ನಾಡದೋಣಿಯವರಿಗೆ ಮಳೆಗಾಲವೇ ದುಡಿಮೆಯ ಕಾಲ, ಆದರೆ ಅವರು ಹೆಚ್ಚಾಗಿ ಅದೇ ದಿನ ದಡಕ್ಕೆ ಬರುವವರು, ಅವರನ್ನು ಸಿಕ್ಕಿಸಿಕೊಳ್ಳುವುದು ಕಷ್ಟವಿಲ್ಲ. ಹೆಜಮಾಡಿ ಕೋಡಿಯಲ್ಲಿ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ, 180 ಕೋಟಿ ರೂ.ಗೂ ಹೆಚ್ಚಿನ ಅಂದಾಜಿನ ಬಂದರು ಯೋಜನೆಯ ಮಾತು ಬಂದಾಗೆಲ್ಲ ಜೆಟ್ಟಿ, ಹೂಳು, ಬ್ರೇಕ್‌ವಾಟರ್ ವಿಷಯ ಚರ್ಚೆಯಾಗುತ್ತದೆ. ಬಂದರು ಅಂದರೆ ಹೊರಗಿನ ನೂರಾರು ಕೆಲಸದವರೂ ಬರುತ್ತಾರೆ, ಅವರಿಗೆ ಹತ್ತಿರದಲ್ಲಿ ಎಂತ ಆರೋಗ್ಯ ವ್ಯವಸ್ಥೆ ಅನ್ನುವುದನ್ನು ಚರ್ಚೆ ಮಾಡಿದವರು ಕಮ್ಮಿ.

ಇದೇ ಊರಿನ ಹೆದ್ದಾರಿಯಲ್ಲಿ ಟೋಲ್‌ಗೇಟ್ ಕೂಡ ಇದೆ. ಲಾರಿ ಚಾಲಕರು ಮತ್ತು ವಲಸೆ ಕಾರ್ಮಿಕರನ್ನು ಏಡ್ಸ್ ಕಾರ್ಯಕ್ರಮ ಮೊದಲಿನಿಂದಲೂ ಪ್ರತ್ಯೇಕ ಗುಂಪಾಗಿ ಗುರುತಿಸಿದೆ. ಲಾರಿಯವನು ಇವತ್ತು ಹೆಜಮಾಡಿ, ನಾಳೆ ಗೋವಾ. ಅವನಿಗೆ ಡೋಸ್ ಎಲ್ಲಿ ಬೇಕಾದರೂ ಮುಂದುವರಿಸುವ ಕಾರ್ಡ್ ಬೇಕು. ಕೋವಿಡ್ ಹೊತ್ತಿಗೆ ಕೋ-ವಿನ್‌ನಲ್ಲಿ ಒಂದು ರಾಜ್ಯದಲ್ಲಿ ಮೊದಲ ಡೋಸ್, ಇನ್ನೊಂದು ರಾಜ್ಯದಲ್ಲಿ ಎರಡನೆಯದ್ದು ಅಂತ ಇದೇ ದೇಶ ಮಾಡಿ ತೋರಿಸಿದೆ. ಅದೇ ಮಾದರಿಯ ಯು-ವಿನ್ ಬಂದದ್ದು ಗರ್ಭಿಣಿಯರಿಗೂ ಮಕ್ಕಳಿಗೂ.

ಶಾಂಭವಿ ದಾಟಿದರೆ ಬೇರೆ ಜಿಲ್ಲೆ

ಹೆಜಮಾಡಿ ಉಡುಪಿ ಜಿಲ್ಲೆಯ ದಕ್ಷಿಣದ ಕೊನೆ. ಶಾಂಭವಿ ಸೇತುವೆ ದಾಟಿದರೆ ಮೂಲ್ಕಿ, ದಕ್ಷಿಣ ಕನ್ನಡ. ಲೈಂಗಿಕ ಸಮಸ್ಯೆ ಇರುವವನು ಊರಿನ ಆಸ್ಪತ್ರೆಗೆ ಹೋಗುವುದಿಲ್ಲ. ಅಲ್ಲಿ ಚೀಟಿ ಬರೆಯುವವರು ಪರಿಚಯ, ಸಾಲಿನಲ್ಲಿ ನಿಂತವರು ಅತ್ತೆ ಮನೆ ಕಡೆಯವರು. ಅವನು ಸೇತುವೆ ದಾಟುತ್ತಾನೆ, ಇಲ್ಲವಾದರೆ ನೇರ ಮಂಗಳೂರಿಗೆ ಬಸ್ಸು ಹಿಡಿಯುತ್ತಾನೆ, ಅದೂ ಇಲ್ಲದಿದ್ದರೆ ಮೆಡಿಕಲ್‌ನಲ್ಲಿ ಕೇಳಿ ಮಾತ್ರೆ ನುಂಗುತ್ತಾನೆ. ಹಾಗಾಗಿ ಹೆಜಮಾಡಿಯವನ ಮೊದಲ ಡೋಸ್ ಒಂದು ಜಿಲ್ಲೆಯ ರಿಜಿಸ್ಟರ್‌ನಲ್ಲಿ, ಅವನ ಮನೆ ಇನ್ನೊಂದು ಜಿಲ್ಲೆಯ ಆಶಾ ಕಾರ್ಯಕರ್ತೆಯ ವ್ಯಾಪ್ತಿಯಲ್ಲಿ ಆಗುವ ಸಾಧ್ಯತೆ ಜಾಸ್ತಿ. ಎರಡು ಜಿಲ್ಲೆಗಳು ಕೂತು ಮಾತಾಡದೆ ಈ ಗಡಿ ಊರಿಗೆ ಪರಿಹಾರ ಇಲ್ಲ.

ಗುಟ್ಟಿನ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ಲಸಿಕೆ ಕೊಡುವ ಮೊದಲು "ನಿಮಗೆ ಎಷ್ಟು ಜನರ ಜೊತೆ ಸಂಪರ್ಕ ಇದೆ" ಅಂತ ಕೇಳಿದರೆ ಯಾರು ಬಾಯಿ ಬಿಡುತ್ತಾರೆ? ಅಮೆರಿಕದಲ್ಲೂ ಹತ್ತಾರು ವರ್ಷ ಹೀಗೆ ಅಪಾಯ ಕೇಳಿ ಕೇಳಿ ಲಸಿಕೆ ಕೊಟ್ಟು, ಆಗದೆ, 2022ರಲ್ಲಿ 19ರಿಂದ 59 ವರ್ಷದ ಎಲ್ಲರಿಗೂ ಕೊಡಿ ಅಂತ ಶಿಫಾರಸು ಬದಲಿಸಿದರು. ನಮ್ಮಲ್ಲಿ ಎಲ್ಲ ದೊಡ್ಡವರಿಗೂ ಕೊಡುವುದು ಸದ್ಯಕ್ಕೆ ದೂರದ ಮಾತು. ಆದರೆ ಬಂದರಿನಲ್ಲಿ, ಮೀನುಗಾರರ ಸಂಘದ ಕಟ್ಟಡದಲ್ಲಿ "ಲಿವರ್ ರಕ್ಷಣೆಯ ಲಸಿಕೆ, ಬೋಟು ಕೆಲಸದವರೆಲ್ಲರಿಗೂ" ಅಂತ ಹಾಕಿ ಯಾರನ್ನೂ ಏನೂ ಕೇಳದೆ ಕೊಡಬಹುದು. ಬೋಟಿನವರು ಅಂದರೆ ಹೀಗೇ ಅಂತ ಹಣೆಪಟ್ಟಿ ಕಟ್ಟುವ ಕೆಲಸ ಆಗಬಾರದು. ಗಾಳ, ಚೂರಿ, ಬಲೆಯ ನಡುವೆ ಕೈ ಕೊಯ್ದುಕೊಳ್ಳುವವರು, ತಿಂಗಳುಗಟ್ಟಲೆ ಒಂದೇ ಕ್ಯಾಬಿನ್‌ನಲ್ಲಿ ಬ್ಲೇಡು ಹಂಚಿಕೊಳ್ಳುವವರು ಅವರು. ರಕ್ತದ ದಾರಿ ಒಂದೇ ಸಾಕು ಲಸಿಕೆ ಕೊಡಲಿಕ್ಕೆ.

ಸುರಕ್ಷಾ ಕ್ಲಿನಿಕ್‌ಗೆ ಬಂದವರ ವಿಷಯದಲ್ಲಿ ದಾರಿ ಇನ್ನೂ ಹತ್ತಿರ. ಎಚ್‌ಐವಿ, ಸಿಫಿಲಿಸ್‌ಗೆ ರಕ್ತ ತೆಗೆಯುವಾಗಲೇ ಹೆಪಟೈಟಿಸ್ ಬಿ ಪರೀಕ್ಷೆಗೂ ಅದೇ ರಕ್ತ ಸಾಕು. ವರದಿ ಬರುವವರೆಗೆ ಕಾಯದೆ ಅದೇ ದಿನ ಮೊದಲ ಡೋಸ್ ಕೊಡಬಹುದು. ಒಂದುವೇಳೆ ಸೋಂಕು ಮೊದಲೇ ಇದ್ದರೂ ಲಸಿಕೆಯಿಂದ ಹಾನಿ ಇಲ್ಲ, ಒಂದು ಡೋಸ್ ದಂಡ, ಅಷ್ಟೇ. ಚಿಕಿತ್ಸೆ ಪಡೆದವರನ್ನು ಒಂದು ವಾರಕ್ಕೆ ಮತ್ತೆ ಬರಲು ಹೇಳುವ ಪದ್ಧತಿ ಹೇಗೂ ಇದೆ. ತುರ್ತಿನವರಿಗೆ ಅಂತ 0, 7, 21ನೇ ದಿನ ಕೊಟ್ಟು ವರ್ಷಕ್ಕೆ ಇನ್ನೊಂದು ಕೊಡುವ ಲೆಕ್ಕವೂ ಹೊರದೇಶದ ಕ್ಲಿನಿಕ್‌ಗಳಲ್ಲಿ ಬಳಕೆಯಲ್ಲಿದೆ.

ಲೈಂಗಿಕ ಕಾರ್ಯಕರ್ತೆಯರು, ಲಿಂಗತ್ವ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡುವ ಸಂಸ್ಥೆಗಳು ಅವರನ್ನು ಮೂರು ತಿಂಗಳಿಗೊಮ್ಮೆ ತಪಾಸಣೆಗೆ, ಆರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆಗೆ ಕರೆತರುತ್ತವೆ. ಅಂದರೆ ಮೊದಲನೇ ಮತ್ತು ಮೂರನೇ ಡೋಸ್‌ನ ದಿನ ಅವರು ಹೇಗೂ ಕ್ಲಿನಿಕ್‌ನಲ್ಲಿ ಇರುತ್ತಾರೆ. ನಡುವಿನ ಒಂದು ಡೋಸ್‌ಗೆ ಮಾತ್ರ ಹೆಚ್ಚಿನ ಓಡಾಟ. ಇದು ಆಗದ ಕೆಲಸ ಅನ್ನುವವರು ಮೈಸೂರಿನ ಆಶೋದಯ ಸಮಿತಿಯನ್ನು ನೋಡಬಹುದು. 2004ರ ಹೊತ್ತಿಗೆ ಶುರುವಾದ ಈ ಲೈಂಗಿಕ ಕಾರ್ಯಕರ್ತರ ಸಂಘಟನೆ ತಮ್ಮವರನ್ನು ತಾವೇ ಕ್ಲಿನಿಕ್‌ಗೆ ಕರೆತಂದು, ಮತ್ತೆ ಮತ್ತೆ ಕರೆತಂದು ತೋರಿಸಿದೆ. ವೈದ್ಯರ ಮಾತಿಗೆ ಬಾರದವರು ಜೊತೆಗಾರ್ತಿಯ ಮಾತಿಗೆ ಬಂದರು.

ಇನ್ನೊಂದು ಬಾಗಿಲು ತೆರೆದೇ ಇದೆ, ಆದರೆ ಅದರ ಕಡೆ ಯಾರೂ ನೋಡುವುದಿಲ್ಲ. ಗರ್ಭಿಣಿಯರಿಗೆ ಹೆಪಟೈಟಿಸ್ ಬಿ ಪರೀಕ್ಷೆ ಮಾಡುತ್ತಾರೆ. ಪಾಸಿಟಿವ್ ಬಂದರೆ ಮಗುವಿಗೆ ಹುಟ್ಟಿದ ಕೂಡಲೇ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್ ಕೊಡುವ ವ್ಯವಸ್ಥೆ ಇದೆ. ಮಗು ಉಳಿಯಿತು ಅಂತ ಎಲ್ಲರಿಗೂ ಸಮಾಧಾನ. ಗಂಡನಿಗೆ ಪರೀಕ್ಷೆ ಆಯಿತಾ? ದೊಡ್ಡ ಮಕ್ಕಳಿಗೆ? ಗಂಡ ಬೋಟಿನಲ್ಲಿ ಇದ್ದಾನೆ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಬೈಗುಳ ಮಾತ್ರ ಹೆಂಡತಿಗೆ, "ನಿನ್ನಿಂದ ಬಂತು" ಅಂತ. ಅವಳಿಗೆ ಅದು ತನ್ನ ತಾಯಿಯಿಂದ, ಹುಟ್ಟುವಾಗಲೇ ಬಂದಿರಬಹುದು ಅನ್ನುವುದನ್ನು ಮನೆಯವರಿಗೆ ಕೂತು ಹೇಳುವವರು ಬೇಕು.

ಪಾಸಿಟಿವ್ ಬಂದವರಿಗೆ

ಪರೀಕ್ಷೆ ಹೆಚ್ಚಿಸಿದರೆ ಪಾಸಿಟಿವ್‌ಗಳೂ ಸಿಗುತ್ತಾರೆ, ಅವರ ಕತೆ ಏನು ಅನ್ನುವುದು ನ್ಯಾಯವಾದ ಪ್ರಶ್ನೆ. ಎಲ್ಲರಿಗೂ ಔಷಧ ಬೇಡ. ಬೇಕಾದವರಿಗೆ ಟೆನೊಫೊವಿರ್ ಮಾತ್ರೆ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಉಚಿತ. ಆದರೆ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆಗೆ ಮಾತ್ರೆ ಇಲ್ಲ. ಎಚ್‌ಐವಿ ಇರುವವರನ್ನು ಕೆಲಸದಿಂದ ತೆಗೆಯಬಾರದು, ಗುಟ್ಟು ಬಿಟ್ಟುಕೊಡಬಾರದು ಅಂತ 2017ರ ಕಾಯ್ದೆ ಇದೆ. ಹೆಪಟೈಟಿಸ್ ಬಿ ಇರುವವರಿಗೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. "ಅವನಿಗೆ ಲಿವರ್ ಕಾಯಿಲೆ ಅಂತೆ, ಒಂದೇ ಪಾತ್ರೆಯಲ್ಲಿ ಗಂಜಿ ಬೇಡ" ಅಂತ ಬೋಟಿನಲ್ಲಿ ಶುರುವಾದರೆ ತಾಂಡೇಲ ಬೇರೆಯವನನ್ನು ಕರೆದುಕೊಳ್ಳುತ್ತಾನೆ. ಗಂಜಿಯಿಂದ ಬರುವುದಿಲ್ಲ ಅನ್ನುವುದನ್ನು ಜುಲೈ 28ರ ಭಾಷಣದಲ್ಲಿ ಹೇಳಿದರೆ ಸಾಲದು, ಬೋಟು ಮಾಲಕರ ಸಭೆಯಲ್ಲಿ ಹೇಳಬೇಕು. ಶಿಬಿರದ ದಿನ ಫಲಿತಾಂಶವನ್ನು ಒಬ್ಬೊಬ್ಬರಿಗೇ ಬೇರೆ ಕೊಡಬೇಕು, ಮೈಕಿನಲ್ಲಿ ಹೆಸರು ಕೂಗಿ ಅಲ್ಲ.

ಅರ್ಧಕ್ಕೆ ಬಿಟ್ಟವರಿಗೂ ಒಂದು ಮಾತು ಗೊತ್ತಿರಲಿ. ಒಂದೋ ಎರಡೋ ಡೋಸ್ ಆಗಿ ತಿಂಗಳುಗಳು, ವರ್ಷಗಳು ಕಳೆದುಹೋಗಿದ್ದರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಬಹುದು. "ತಡ ಆಯಿತು, ಇನ್ನು ಹೋದರೆ ಬೈತಾರೆ" ಅಂತ ಕಾರ್ಡನ್ನು ಡಬ್ಬದಲ್ಲಿ ಇಟ್ಟುಕೊಂಡವರು ಅದನ್ನು ಹಿಡಿದುಕೊಂಡೇ ಹೋಗಬಹುದು. ಎಚ್‌ಐವಿ ಮತ್ತು ಲೈಂಗಿಕ ಸೋಂಕಿನ ಬಗ್ಗೆ ಹೆಸರು ಹೇಳದೆ ಕೇಳಬೇಕಾದರೆ 1097ಕ್ಕೆ ಫೋನ್ ಮಾಡಿ ಹತ್ತಿರದ ಕ್ಲಿನಿಕ್ ಎಲ್ಲಿ ಅಂತ ಕೇಳಬಹುದು, ಕರೆ ಉಚಿತ.

ಜೂನ್ ಮೊದಲ ವಾರ ಹೆಜಮಾಡಿಯಲ್ಲಿ ಶಿಬಿರ ಆಗಬೇಕಾದರೆ ದೊಡ್ಡವರ ಲಸಿಕೆಗೆ ಬೇಡಿಕೆ ಪಟ್ಟಿ ಹೋಗಬೇಕಾದ್ದು ಅದಕ್ಕೂ ಎರಡು ಮೂರು ತಿಂಗಳು ಮೊದಲೇ. ಅದಕ್ಕೆ ಎಷ್ಟು ಜನ ಅನ್ನುವ ಲೆಕ್ಕ ಬೇಕು. ಯಾವ ಬೋಟಿನಲ್ಲಿ ಎಷ್ಟು ಕಲಾಸಿಗಳು, ಯಾರು ಊರಿನವರು, ಯಾರು ಹೊರಗಿನವರು ಅನ್ನುವ ಲೆಕ್ಕ ಆರೋಗ್ಯ ಇಲಾಖೆಯ ಹತ್ತಿರ ಹುಡುಕಿದರೆ ಸಿಗಲಿಕ್ಕಿಲ್ಲ. ಬೋಟು ಮಾಲಕರ ಹತ್ತಿರ, ಮೀನುಗಾರರ ಸಂಘಗಳ ಪುಸ್ತಕದಲ್ಲಿ ಅದು ಪ್ರತಿ ಸೀಸನ್‌ಗೂ ಬರೆದಿಟ್ಟಿರುತ್ತದೆ.